ಕೈಕುಲುಕುವ ಪಾಠ

"ಕೈ ಕೊಡೋಕೇ ಬರಲ್ಲ ನಿಂಗೆ, ಕೆಲಸ ಯಾರು ಕೊಡ್ತಾರೆ? ಒದ್ದೆ ಬಟ್ಟೆ ಹಿಡಿದಂಗಿದೆ. ಗಟ್ಟಿಯಾಗಿ ಹಿಡಿ!"

ಪಾಠ ಹೇಳುವ ಪ್ರೆಸ್ಕಾಟ್ ಸಾಹೇಬ ವರ್ನೀಟಕ್ಕನ ಬಲಗೈ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸುತ್ತಿದ್ದ. ಅದು ಇಪ್ಪತ್ತೆರಡು ವರ್ಷ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದ ಕೈ. ಒಂದು ದಿನ ಯಂತ್ರದ ಉರುಳೆಗೆ ಸಿಕ್ಕಿ ಎರಡು ಬೆರಳು ಚಪ್ಪಟೆಯಾದವು, ಮುಂದಿನ ವಾರ ಕೆಲಸವೂ ಹೋಯಿತು. ಏನು ಮಾಡಿದರೂ ಆ ಬೆರಳು ಮಡಚುವುದಿಲ್ಲ. ನಾಲ್ಕು ಸಲ ಹೇಳಿದ್ದಾಳೆ. ಅವನಿಗೆ ನೆನಪಿರುವುದಿಲ್ಲ.

ಕ್ಲೀವ್‌ಲ್ಯಾಂಡಿನ ಪೂರ್ವ ಭಾಗದ ಈ ಕಚೇರಿಗೆ, ಕೆಲಸ ಕಳಕೊಂಡ ನಾವು ಹನ್ನೊಂದು ಜನ ದಿನಾ ಎಂಟಕ್ಕೆ ಬರಬೇಕು. ಹನ್ನೆರಡರವರೆಗೆ ಕೆಲಸ ಹುಡುಕುವ ವಿದ್ಯೆ. ಕೈಕುಲುಕುವುದು, ನಗುವುದು, ಕುರ್ಚಿಯಲ್ಲಿ ಕೂರುವುದು. ಮೂವತ್ತು ವರ್ಷ ಉಕ್ಕಿನ ಕುಲುಮೆಯ ಮುಂದೆ ನಿಂತ ನನಗೆ ಕೂರುವುದನ್ನು ಕಲಿಸುತ್ತಾರಂತೆ, ಥೂ! ಒಂದು ದಿನ ತಪ್ಪಿದರೆ ಸರ್ಕಾರ ಕೊಡುವ ದಿನಸಿ ಕಾರ್ಡು ಬಂದ್. ವರ್ನೀಟಕ್ಕನ ಕಾರ್ಡಿನಲ್ಲಿ ಅವಳೂ ಉಣ್ಣಬೇಕು, ತಾಯಿಯಿಲ್ಲದ ಮೊಮ್ಮಗಳೂ ಉಣ್ಣಬೇಕು.

ಆ ಶುಕ್ರವಾರ ಅಕ್ಕನ ಮುಖದಲ್ಲಿ ಕಳೆ ಇತ್ತು.

"ವೃದ್ಧಾಶ್ರಮದವ್ರು ಫೋನ್ ಮಾಡಿದ್ರು ಸಾರ್. ಅಡುಗೆಮನೇಲಿ ತಟ್ಟೆ ಜೋಡ್ಸೋ ಕೆಲ್ಸ. ಇವತ್ತು ಹತ್ತಕ್ಕೇ ಬಾ ಅಂದವ್ರೆ. ಒಸಿ ಕಳಿಸ್ಕೊಡಿ."

"ಪಾಠ ಮುಗಿಯೋದು ಹನ್ನೆರಡಕ್ಕೆ. ಎದ್ದು ಹೋದ್ರೆ ಗೈರುಹಾಜರಿ."

"ಕೆಲ್ಸಕ್ಕೇ ತಾನೇ ಸಾರ್ ಹೋಗ್ತಿರೋದು? ನೀವು ಕಲಿಸ್ತಿರೋದೂ ಅದಕ್ಕೇ ತಾನೇ?"

"ನಿಯಮ ನಾನು ಮಾಡಿದ್ದಲ್ಲ. ಕೂತ್ಕೋ."

ಕೂತಳು. ನಾನು ಮೆಲ್ಲಗೆ ಅಂದೆ, "ಎದ್ದೋಗಕ್ಕಾ, ಬಡ್ಡೀಮಗನ ಮನೆ ಹಾಳಾಗ."

"ಅಲ್ಲಿ ಕೆಲ್ಸ ಸಿಗ್ದೆ, ಇಲ್ಲಿ ಕಾರ್ಡೂ ಹೋದ್ರೆ? ಮಗೀಗೆ ಮಣ್ಣು ತಿನ್ನಿಸ್ಲಾ, ಎಲ್ರಾಯ್?"

ಹನ್ನೆರಡಾದದ್ದೇ ತಡ, ಹಿಮದಲ್ಲಿ ಜಾರುತ್ತಾ ಬಸ್ಸಿಗೆ ಓಡಿದಳು. ಹೋಗುವಷ್ಟರಲ್ಲಿ ಅಲ್ಲಿ ಬೇರೆ ಯಾರನ್ನೋ ತೆಗೆದುಕೊಂಡಾಗಿತ್ತು.

ಸೋಮವಾರ ನಾವೆಲ್ಲ ವಾರದ ಹಾಳೆ ತುಂಬಬೇಕು. ಯಾರು ಕರೆದರು, ಏನಾಯಿತು ಎಂದು. ಅಕ್ಕ ಸುಳ್ಳು ಬರೆಯುವವಳಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದಳು. ಪ್ರೆಸ್ಕಾಟ್ ಓದಿ ಪೆನ್ನು ತೆಗೆದ.

"ಕರೆದ ಹೊತ್ತಿಗೆ ನೀನು ಹೋಗಿಲ್ಲ. ಅಂದ್ರೆ ಬಂದ ಕೆಲಸ ಬೇಡ ಅಂದಂಗೆ. ಕಾರ್ಡು ಮೂರು ತಿಂಗಳು ಬಂದ್."

"ನೀವೇ ಅಲ್ವಾ ಸಾರ್ ಕೂರ್ಸಿದ್ದು!"

"ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ."

ಅಕ್ಕ ಅಳಲಿಲ್ಲ. ಚಪ್ಪಟೆ ಬೆರಳುಗಳನ್ನು ಎಡಗೈಯಿಂದ ನೀವಿಕೊಂಡಳು. "ಹಂಗಾದ್ರೆ ನಾಳೆಯಿಂದ ನಾನು ಬರೋದು ಬ್ಯಾಡ, ಅಲ್ವಾ?" ಎಂದಳು. ಕೋಟು ತೊಟ್ಟು ಹೊರಟುಹೋದಳು. ಹತ್ತು ಜನ ಇದ್ದೆವು, ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ನನ್ನ ಹತ್ತಿರವೂ ಒಂದು ಕಾರ್ಡಿತ್ತು. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು.

ಮಾರನೆಯ ದಿನ ಮತ್ತೆ ಅದೇ ಪಾಠ. ಮೊದಲ ಸರದಿ ನನ್ನದು.

"ಬಾ ಎಲ್ರಾಯ್, ಗಟ್ಟಿಯಾಗಿ ಹಿಡಿ."

ಹಿಡಿದೆ.

"ಭೇಷ್! ಹೀಗಿರಬೇಕು. ಸಾಕು."

ನಾನು ಬಿಡಲಿಲ್ಲ. ಇನ್ನಷ್ಟು ಬಿಗಿ ಮಾಡಿದೆ. ಅವನ ಮೆತ್ತನೆಯ ಬೆರಳುಗಳ ಮೂಳೆ ನನ್ನ ಅಂಗೈಗೆ ತಾಗುತ್ತಿತ್ತು.

"ಬಿಡಯ್ಯಾ! ನೋವಾಗ್ತಿದೆ!"

"ನಿಮ್ಮ ಬೆರಳು ಮಡಚ್ತಾವೆ ಸಾರ್. ವರ್ನೀಟಕ್ಕನವು ಮಡಚಲ್ಲ. ಅವಳು ನಾಲ್ಕು ಸಲ ಹೇಳಿದ್ಲು, ಇದು ಐದನೇ ಸಲ. ಈಗ ನೆನಪಿರ್ತದಾ?"

ಹಿಂದೆ ಕುರ್ಚಿಗಳು ಸರಿದ ಸದ್ದಾಯಿತು. ಒಬ್ಬೊಬ್ಬರೇ ಎದ್ದು ಬರುತ್ತಿದ್ದರು. ನನ್ನನ್ನು ಬಿಡಿಸುವುದಕ್ಕೋ, ನನ್ನ ಹಿಂದೆ ಸಾಲು ನಿಲ್ಲುವುದಕ್ಕೋ, ತಿರುಗಿ ನೋಡಲಿಲ್ಲ. ವರ್ನೀಟಕ್ಕನ ಖಾಲಿ ಕುರ್ಚಿಯನ್ನೇ ನೋಡುತ್ತಾ ಕೈ ಹಿಡಿದುಕೊಂಡೇ ನಿಂತಿದ್ದೆ.