ಮಡಿಸಿದ ತುದಿ

ಸಂಜೆ ಅವಳು ಸರಿಮಾಡಿ ಗ್ಯಾರೇಜಿನೊಳಗೇ ನಿಲ್ಲಿಸಿದ್ದ ಕಾರು, ಬೆಳಿಗ್ಗೆ ಗಿರಾಕಿಯ ಎದುರಿಗೆ ಮತ್ತೆ ಸ್ಟಾರ್ಟಾಗದೆ ಮೊಂಡು ಹಿಡಿಯಿತು. ಇದು ಎರಡನೇ ಸಲ.

"ನಿಮ್ಮಣ್ಣನೇ ನೋಡ್ಲಿ ಬಿಡಿ," ಎಂದ ಗಿರಾಕಿ. ಅಣ್ಣ-ತಂಗಿ ಸೇರಿ ನಡೆಸುತ್ತಿದ್ದ, ಈಚೆಗೆ ಎಲ್ಲರೂ ತಂಗಿಯನ್ನೇ ಕೇಳಿಕೊಂಡು ಬರುತ್ತಿದ್ದ ಗ್ಯಾರೇಜು ಅದು.

"ಹೋಗ್ಲಿ ಬಿಡಮ್ಮ, ನಾನು ನೋಡ್ಕೋತೀನಿ," ಎಂದ ಅಣ್ಣ. ಮಾತಿನಲ್ಲಿ ಬೆಣ್ಣೆ ಕರಗುತ್ತಿತ್ತು.

ಅವಳು ಹಟಕ್ಕೆ ಬಿದ್ದು ಬಾನೆಟ್ ಎತ್ತಿದಳು. ಎಂಜಿನ್ನಿನ ಮೂರು ಸೆನ್ಸರುಗಳಿಗೂ ಒಂದೇ ತಂತಿಯಿಂದ ಐದು ವೋಲ್ಟ್ ಬರಬೇಕು. ಮೀಟರು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಒಂದು ಸೆನ್ಸರು ಕೆಟ್ಟರೂ ಉಳಿದವನ್ನು ಮುಳುಗಿಸುತ್ತದೆಂದು ಒಂದೊಂದನ್ನೇ ಕಳಚಿದಳು. ಮೂರನ್ನೂ ಕಳಚಿದರೂ ಸೊನ್ನೆಯೇ. ಅಂದರೆ ಸೆನ್ಸರುಗಳ ತಪ್ಪಲ್ಲ.

ತಂತಿಯ ಗುಂಟ ಬೆರಳಾಡಿಸುತ್ತ ಹೋದಾಗ, ಬ್ಯಾಟರಿಯ ಕೆಳಗೆ ಅವಳು ಸುತ್ತದ ಟೇಪೊಂದು ಸಿಕ್ಕಿತು. ಎಳೆದ ಕೂಡಲೇ ಬಿಚ್ಚಿಕೊಂಡಿತು. ಒಳಗೆ ತಂತಿಯ ಸಿಪ್ಪೆ ಸುಲಿದು, ಅದಕ್ಕೊಂದು ತುಂಡು ತಂತಿ ಹೆಣೆದು, ಕಾರಿನ ಮೈಗೆ ಬಿಗಿದಿದ್ದರು. ಐದು ವೋಲ್ಟೂ ಅಲ್ಲೇ ಇಂಗಿಹೋಗುತ್ತಿತ್ತು.

ಯಾರು ಎಂದು ಯೋಚಿಸಬೇಕಾಗಿಯೇ ಬರಲಿಲ್ಲ. ಟೇಪಿನ ತುದಿಯನ್ನು ಒಳಕ್ಕೆ ಮಡಿಸಲಾಗಿತ್ತು. ಅವಳಿಗೆ ಕೆಲಸ ಕಲಿಸಿದ ದಿನಗಳಲ್ಲಿ ಅಣ್ಣ ಬಡಕೊಳ್ಳುತ್ತಿದ್ದ: "ತುದಿ ಮಡಿಸೇ! ಮುಂದೆ ಬಿಚ್ಚೋರು ಉಗುರು ಕಿತ್ಕೋಬಾರ್ದು." ಅವಳಿಗೆ ಆ ಅಭ್ಯಾಸ ಹತ್ತಲೇ ಇಲ್ಲ. ಅವನಿಗೆ ಅದು ಬಿಟ್ಟುಹೋಗಲಿಲ್ಲ, ಈ ಕೆಲಸದಲ್ಲೂ.

"ಸಿಕ್ತೇನಮ್ಮಾ?" ಹಿಂದಿನಿಂದ ಅದೇ ಬೆಣ್ಣೆಯ ದನಿ.

ಅವಳು ತಿರುಗಿ ಟೇಪನ್ನು ಅವನ ಅಂಗೈಗೆ ಅಂಟಿಸಿದಳು.

"ಸಿಕ್ತು ಅಣ್ಣ. ಬಿಚ್ಚೋಕೆ ಒಂಚೂರೂ ಕಷ್ಟ ಆಗ್ಲಿಲ್ಲ."