ಅರ್ಧಚಂದ್ರ ಕೊರೆದ ಮಣೆ

ಮೇಜಿನ ಕಾಲು ಅಲುಗಾಡುವುದು ಮನುಕುಲದ ಮುಂದಿರುವ ಅತಿ ಗಂಭೀರ ಸಮಸ್ಯೆಗಳಲ್ಲೊಂದು ಎಂದು ಕಾಶಿನಾಥ ಖಚಿತವಾಗಿ ನಂಬಿದ್ದ. ಮುಂಬಯಿ ಫೋರ್ಟಿನ ಆಫೀಸಿನಲ್ಲಿ ವಾರವಿಡೀ ಕೂತು ಸೊಂಟ ಕೆಡಿಸಿಕೊಂಡಿದ್ದ ಆತ, ಭಾನುವಾರ ರೈಫಲ್ ಕ್ಲಬ್ಬಿಗೆ ಹೋಗಿ ಏರ್ ರೈಫಲ್ಲಿನಿಂದ ಕಾಗದದ ಗುರಿಗೆ ಹೊಡೆಯುತ್ತಿದ್ದ. ನಿಂತು ಹೊಡೆಯಲು ಸೊಂಟ ಬಿಡದು, ಕೂತು ಹೊಡೆಯಲು ಕ್ಲಬ್ಬಿನ ಮೇಜು ಬಿಡದು. ಬರುವ ಭಾನುವಾರ ಸ್ಪರ್ಧೆ ಬೇರೆ. ಲೋಕಲ್ ರೈಲಿನಲ್ಲಿ ಒಯ್ಯಬಹುದಾದ, ಭೂಕಂಪಕ್ಕೂ ಜಗ್ಗದ ಬೆಂಚನ್ನು ಮನೆಯ ಬಾಲ್ಕನಿಯಲ್ಲೇ ಮಾಡುತ್ತೇನೆಂದು ಘೋಷಿಸಿದ.

"ಮಾಡ್ರಿ, ಮಾಡ್ರಿ. ಗ್ಯಾಲರ್‍ಯಾಗಿನ ಕಸಾ ಮಾತ್ರ ನೀವ ಹೊಡೀರಿ" ಎಂದಳು ಹೆಂಡತಿ ಮಹಾದೇವಿ. ಕಟ್ಟಿಗೆ ಎಲ್ಲಿಂದ ಬರುತ್ತದೆಂದು ಕೇಳಲಿಲ್ಲ. ಕೇಳಬೇಕಿತ್ತು.

ಮಹಾದೇವಿಯ ತಲೆಯಲ್ಲಿ ಆಗ ಮಗಳು ಶಿವಕುಮಾರಿಯ ಮದುವೆ ತುಂಬಿತ್ತು. ಬೀಗರಿಗೆ ಬಡಿಸುವ ಶಾವಿಗೆಯನ್ನು ಕೈಯಿಂದಲೇ ಹೊಸೆಯಬೇಕೆಂಬುದು ಅವಳ ಹಠ. "ಮಮ್ಮೀ, ರೆಡಿಮೇಡ್ ಮಿಲ್ತಾ ಹೈ ನಾ" ಎಂದು ಅಂಗಡಿಯದನ್ನು ಸೂಚಿಸಿದ ಮಗಳೊಡನೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಹೊಸೆಯಲು ಭಾನುವಾರ ಬೆಳಗ್ಗೆ ಆಂಟಾಪ್ ಹಿಲ್‌ನ ತಮ್ಮ ಬಿಲ್ಡಿಂಗಿನ ಹೆಂಗಸರೆಲ್ಲ ಬರುವವರಿದ್ದರು.

ಶನಿವಾರ ಸಂಜೆ ಸಯನ್ ಮಾರ್ಕೆಟ್ಟಿನಿಂದ ರವೆ ಹೊತ್ತು ತಂದವಳಿಗೆ ಗ್ಯಾಲರಿಯಲ್ಲಿ ಬೆಂಚು ಕಂಡಿತು.

"ಮೂರ ಕಾಲು! ಎಲ್ಲೇ ಇಟ್ರೂ ಅಲಗಾಡಂಗಿಲ್ಲ. ನಟ್ ಬಿಚ್ಚಿದ್ರ ಚೀಲದಾಗ ಫಿಟ್" ಎಂದ ಕಾಶಿನಾಥ.

ಮಹಾದೇವಿ ಬಗ್ಗಿ ಹಲಗೆಯ ಅಡಿ ನೋಡಿದಳು. ಉದ್ದಕ್ಕೂ ಸಣ್ಣ ಸಣ್ಣ ಗೆರೆಗಳು.

"ಇದು ನಮ್ಮವ್ವನ ಶಾವಿಗಿ ಮಣಿ."

ಗೆರೆಗಳ ಮೇಲೆ ಕಣಕ ತಿಕ್ಕಿ ಶಾವಿಗೆ ಹೊಸೆಯುವ ಜಾಲಿ ಕಟ್ಟಿಗೆಯ ಮಣೆ. ವಿಜಯಪುರದಿಂದ ಅವಳ ಜೊತೆ ರೈಲು ಹತ್ತಿ, ಟಿಕೆಟ್ಟಿಲ್ಲದೆ ಬಂದು, ಮುಂಬಯಿಯಲ್ಲಿ ಉಳಿದ ತವರಿನ ನೆಂಟ ಅದೊಂದೇ.

"ಪಲ್ಲಂಗದ ಕೆಳಗ ಸುಮ್ನ ಬಿದ್ದಿತ್ತಲ್ಲ..."

"ನೀವೂ ಪಲ್ಲಂಗದ ಮ್ಯಾಲ ಸುಮ್ನ ಬಿದ್ದಿರ್ತೀರಿ. ನಾ ನಿಮ್ಮನ್ನ ಕೊಯ್ದೇನೇನು? ಮತ್ತ ಈ ತುದಿ ಯಾಕ ಹಿಂಗಾಗೇತಿ? ಇಲಿ ತಿಂದಾವೇನು?"

ಕೂತವನ ಎದೆ ಒಳಗೆ ಬರಲೆಂದು ಅವನು ಒಂದು ತುದಿಯಲ್ಲಿ ಅರ್ಧಚಂದ್ರ ಕೊರೆದಿದ್ದ. "ಅಂದ್ರ ಮೊಳಕೈ ಎರಡೂ ಕಡೆ ಊರಾಕ..." ಎಂದು ವಿವರಿಸತೊಡಗಿದ. ಹೆಂಡತಿಯ ಮುಖ ನೋಡಿ ಮೊಳಕೈಗಳನ್ನು ಒಳಗೆಳೆದುಕೊಂಡ.

"ಬಿಚ್ಚ್ರಿ. ಗೆರಿ ಮ್ಯಾಲ ಬರಂಗ ತಿರುವಿ ಹಚ್ರಿ."

"ನಾಳೆ ಸ್ಪರ್ಧಾ ಐತಿ, ಮಾದೇವಿ."

"ನಾಳೆ ಶಾವಿಗಿ ಐತಿ."

ಕಾಶಿನಾಥ ಹಲಗೆ ತಿರುವಿ ಹಚ್ಚಿದ. ರಾತ್ರಿ ಅವನ ತಟ್ಟೆಗೆ ರೊಟ್ಟಿ ಬಿದ್ದ ಸದ್ದು ಪಕ್ಕದ ಫ್ಲ್ಯಾಟಿಗೂ ಕೇಳಿತು.

ಬೆಳಗ್ಗೆ ಹೆಂಗಸರು ಬಂದರು. ಅವರೆಲ್ಲ ಸೇರಿ ಗಂಡನಿಗೆ ನಾಲ್ಕು ಮಾತು ಬೈಯುತ್ತಾರೆ, ತಾನು ಐದನೆಯದನ್ನು ಸೇರಿಸಬಹುದು ಎಂದು ಮಹಾದೇವಿ ಕಾದಿದ್ದಳು. ಮೇಲಿನ ಮಹಡಿಯ ಸೋಮವ್ವ ಬೆಂಚಿನ ಹಿಂಗಾಲುಗಳಿಗೆ ಇಟ್ಟಿಗೆ ಕೊಟ್ಟು, ಮಣೆ ಇಳಿಜಾರು ಮಾಡಿ, ಸ್ಟೂಲೆಳೆದು ಕೂತಳು. ಅರ್ಧಚಂದ್ರವನ್ನು ಅವಳ ಹೊಟ್ಟೆಯ ಅಳತೆ ತೆಗೆದುಕೊಂಡೇ ಕೊರೆದಂತಿತ್ತು. ಕಣಕ ಇಟ್ಟು ಎರಡೂ ಅಂಗೈಯಿಂದ ಒತ್ತಿ ತಿಕ್ಕಿದಳು. ಎಳೆಗಳು ಸರಸರ ಇಳಿದವು. ಬೆಂಚು ಕೂದಲೆಳೆಯಷ್ಟೂ ಮಿಸುಕಲಿಲ್ಲ.

"ಅಯ್ಯ ಮಾದೇವಿ! ನಮ್ಮೂರಾಗ ಮಣಿ ಹಿಡ್ಯಾಕ ಇಬ್ಬರು ಬೇಕಾಗ್ತಿದ್ರು. ಇದು ಗುಡಿ ಕಟ್ಟಿ ಹಂಗ ಕುಂತೈತಲ್ಲ! ಕಾಶಿನಾಥಣ್ಣಾರ, ನನಗೂ ಒಂದು ಮಾಡಿಕೊಡ್ರಿ."

ರೈಫಲ್ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ ಕಾಶಿನಾಥ ಒಂದು ತಪ್ಪು ಮಾಡಿದ. ನಕ್ಕ.

ಮಹಾದೇವಿಯ ಮೈಯೆಲ್ಲ ಉರಿಯಿತು. ಅವ್ವನ ಮಣೆ ಕೊಯ್ದವನಿಗೆ ಶಾಭಾಸ್! ಅದೂ ಅವಳದೇ ಗ್ಯಾಲರಿಯಲ್ಲಿ!

"ಹಲ್ಲು ಮುಚ್ಚ್ರಿ. ಚೀಲಾ ಕೆಳಗ ಇಡ್ರಿ. ಈ ಕಣಕ ನಾದ್ರಿ."

"ಹತ್ತಕ್ಕ ನನ್ನ ಹೆಸರು ಕರೀತಾರ. ಬೆಂಚು..."

"ಕ್ಲಬ್ಬಿನ ಮೇಜು ಐತಲ್ಲ?"

"ಅದು ಅಲಗಾಡತೈತಿ."

"ನನಗೂ ಸಿಟ್ಟಿಗೆ ಕೈಕಾಲು ಅಲಗಾಡಾಕತ್ತಾವ. ನಾದ್ರಿ!"

ಸೋಮವ್ವ ಕಿಸಕ್ಕನೆ ನಕ್ಕು, ಕಣಕದ ಪರಾತವನ್ನು ಕಾಲಿನಿಂದಲೇ ಅವನತ್ತ ಸರಿಸಿದಳು. ಕಾಶಿನಾಥ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಅಂಗಿಯ ತೋಳು ಮಡಚಿ ಕೂತ.

ಸಂಜೆಗೆ ಗ್ಯಾಲರಿಯ ಕೋಲುಗಳ ತುಂಬ ಶಾವಿಗೆ ಒಣಗುತ್ತಿತ್ತು. ಸ್ಪರ್ಧೆ ಕಾಶಿನಾಥನಿಲ್ಲದೆ ಮುಗಿಯಿತು.