ಬೀಟ್‌ರೂಟ್ ನೀರಿನ ಜೋಳ

ಗಾಳದ ಕೋಲಿನ ತುದಿ ನಡುಗಿತೋ ಇಲ್ಲವೋ, ಅಲೆಯಿರಬೇಕು, ಅಲ್ಲ, ಮತ್ತೆ ನಡುಗಿತು, ಚಳಿಗೆ ಹಲ್ಲು ಕಟಕಟಿಸಿದ ಹಾಗೆ ಟಕ ಟಕ ಟಕ, ಇದು ಅಲೆಯಲ್ಲ, ಹನ್ನೆರಡನೆಯದು, ದೇವರೇ ಇದು ಹನ್ನೆರಡನೆಯ ಮೀನು ಎಂದು ವರ್ನಾ ದೋಣಿಯ ಐಸ್ ಪೆಟ್ಟಿಗೆಯ ಮೇಲೆ ಕೂತಲ್ಲೇ ತುಟಿ ಕಚ್ಚಿಕೊಂಡಳು, ನಗು ಬಂದರೆ ಕೆಟ್ಟೆ, ಈಗ ನಗಬಾರದು — ಮರ್ಲ್‌ನ ಹಳೆಯ ಗೆಳೆಯ ಹಾಯ್ಟ್ ಆಗಲೇ ಎದ್ದಿದ್ದಾನೆ, ಎಪ್ಪತ್ತರ ಮಂಡಿ ಲಟಲಟ ಎಂದರೂ ಲೆಕ್ಕಿಸದೆ ಕೋಲನ್ನು ಎತ್ತಿಕೊಂಡಿದ್ದಾನೆ, ಮೆಲ್ಲಗೆ, ತೊಟ್ಟಿಲಿಂದ ಹಸುಗೂಸನ್ನು ಎತ್ತುವವನ ಹಾಗೆ, ಯಾಕೆಂದರೆ ಕೊಕನಿ ಮೀನಿನ ತುಟಿ ಒದ್ದೆ ಕಾಗದ, ಜಗ್ಗಿದೆಯೋ ಹರಿಯಿತು, ಗಾಳ ನಿನ್ನದು ಮೀನು ಸರೋವರದ್ದು, ಇದನ್ನು ಅವನು ಬೆಳಗಿನಿಂದ ಆರು ಸಲ ಹೇಳಿದ್ದಾನೆ, ವರ್ನಾಗೆ ಹೇಳಿದ್ದಲ್ಲ, ಗಾಳಿಗೆ ಹೇಳಿದ್ದು, ವರ್ನಾ ಕೂತ ದಿಕ್ಕಿನ ಗಾಳಿಗೆ. ಬೆಳ್ಳಿ ಮೈಯ ಮೀನು ನೀರಿನಿಂದ ಮೇಲೆ ಬಂತು, ಬಲೆಗೆ ಬಿತ್ತು, ಇನ್ನು ಹೇಳುತ್ತಾನೆ, ಹೇಳಲಿ, ಮೂರು ಎಣಿಸುವುದರೊಳಗೆ ಹೇಳುತ್ತಾನೆ, ಒಂದು, ಎರಡು — ನೋಡು ಮರ್ಲ್, ಜೋಳ ಅಂದ್ರೆ ಇದು.

ಜೋಳ, ಅವನ ಜೋಳ, ಗಾಳದ ತುದಿಗೆ ಚುಚ್ಚುವ ಎರಡೇ ಎರಡು ಮುಸುಕಿನ ಜೋಳದ ಕಾಳು, ಒಡೆಲ್ ಸರೋವರದಲ್ಲಿ ಕೊಕನಿ ಹಿಡಿಯುವವರಿಗೆಲ್ಲ ಒಂದೊಂದು ಜೋಳದ ಗುಟ್ಟು ಇರುತ್ತದೆ, ಹೆಂಡತಿಯ ಹೆಸರು ಹೇಳಿಯಾರು, ಜೋಳಕ್ಕೆ ಏನು ಸೇರಿಸುತ್ತಾರೆಂದು ಹೇಳಲಾರರು, ಹಾಯ್ಟ್‌ನದಂತೂ ಬೆಳ್ಳುಳ್ಳಿ ಎಣ್ಣೆ, ಸೋಂಪು, ಟ್ಯೂನಾ ಡಬ್ಬಿಯ ನೀರು, ಗುಲಾಬಿ ಬಣ್ಣ, ಇವು ಊರಿಗೆಲ್ಲ ಗೊತ್ತಿರುವಂಥವು, ಗೊತ್ತಿಲ್ಲದ್ದು ಇನ್ನೂ ಮೂರಂತೆ, ಮೂರು ದಿನ ನೆನೆಯಬೇಕಂತೆ — ಮತ್ತು ಈಗ ಅವನ ಜಾಡಿಯಲ್ಲಿ ಇರುವುದು ಅದಾವುದೂ ಅಲ್ಲ, ಬುತ್ತಿಗೆಂದು ತಂದಿದ್ದ ಅಂಗಡಿಯ ಡಬ್ಬಿ ಜೋಳ, ವರ್ನಾಳ ಉಪ್ಪಿನಕಾಯಿಯ ಬೀಟ್‌ರೂಟ್ ನೀರಿನಲ್ಲಿ ಅದ್ದಿ ಗುಲಾಬಿ ಮಾಡಿದ್ದು, ಬೆಳಿಗ್ಗೆ ಅವನು ದೋಣಿ ಹೊತ್ತು ತಂದ ಟ್ರೇಲರ್ ನಿಲ್ಲಿಸಿ ಬರಲು ಹೋದಾಗ ಅವಳೇ ಬದಲಿಸಿದ್ದು. ಅವನ ಜೋಳ ಅವಳ ಚೀಲದೊಳಗೆ, ಎರಡು ಪದರ ಪ್ಲಾಸ್ಟಿಕ್ಕಿನೊಳಗೆ, ಆದರೂ ಕಾಲ ಬುಡದಿಂದ ಸತ್ತ ಸಮುದ್ರವೊಂದರ ನಾತ ಬರುತ್ತಿದೆ, ಮರ್ಲ್ ಎರಡು ಸಲ ಮೂಗೆಳೆದ, ಹಾಯ್ಟ್‌ಗೆ ಮಾತ್ರ ಏನೂ ಇಲ್ಲ, ಪ್ಲೈವುಡ್ ಗಿರಣಿಯ ಧೂಳು ಮೂವತ್ತು ವರ್ಷದಲ್ಲಿ ಅವನ ಮೂಗನ್ನು ಬರೀ ಕನ್ನಡಕ ನಿಲ್ಲಿಸುವ ಗೂಟ ಮಾಡಿಟ್ಟಿದೆ, ಆ ಮೂಗಿಟ್ಟುಕೊಂಡು ಅವನು ಅವಳ ಕೈ ವಾಸನೆ ಅಂದನಲ್ಲ, ಅದಕ್ಕೇ, ಅದಕ್ಕೇ ಮಾಡಿದ್ದು. ಮೂರು ಸಲ ತೊಳೆಸಿದ. ದೋಣಿ ಹತ್ತುವ ಮುಂಚೆ ಎಲ್ಲರೂ ಪಾತ್ರೆ ತೊಳೆಯುವ ನಿಂಬೆ ಸೋಪಿನಲ್ಲಿ ಕೈ ತೊಳೆಯುವುದು ಇಲ್ಲಿಯ ಪದ್ಧತಿ, ಸರಿ, ಅವಳೂ ತೊಳೆದಳು, ಆಮೇಲೆ ಕಾಫಿ ಕುಡಿಯುತ್ತಿದ್ದ ಹತ್ತು ಜನರೆದುರು ಅವನು, ಮೇಡಂ, ನಿಮ್ ಕೈಗೆ ಹಚ್ಕೊಳೋ ಕ್ರೀಮಿದೆಯಲ್ಲ, ಅದು ಮೀನಿಗೆ ಅರ್ಧ ಮೈಲಿಯಿಂದ ಗೊತ್ತಾಗುತ್ತೆ, ಇನ್ನೊಂದ್ಸಲ ತೊಳೀರಿ. ಹೆಸರು ಹಾಯ್ಟ್, ಕೆಲಸ ಹಾಯುವುದು. ಮೇಡಂ ಅಂತೆ. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು, ಹೆಡ್‌ಮಾಸ್ಟರರ ದನಿಯಲ್ಲಿ ಬಸ್ಸಿನ ರೇಡಿಯೊದಲ್ಲಿ ರಜೆ ಘೋಷಿಸಿ ಇಡೀ ಜಿಲ್ಲೆಯನ್ನೇ ಒಂದು ಗಂಟೆ ಕುಣಿಸಿದವಳು, ಅವಳನ್ನು ಮೇಡಂ ಅಂದವರು ಪೊಲೀಸರು ಮಾತ್ರ.

ಚುಕ್ಕಾಣಿಯಲ್ಲಿ ಮರ್ಲ್, ಹಾವಿನ ಹಾಗೆ ಬಳಸಿ ಬಳಸಿ ಓಡಿಸುತ್ತಾನೆ, ನಡಿಗೆಗಿಂತ ನಿಧಾನ, ತಿರುವಿನಲ್ಲಿ ಗಾಳ ತಟ್ಟನೆ ನಿಧಾನವಾದಾಗಲೇ ಕೊಕನಿ ಕಚ್ಚುವುದು, ಅವನ ಕತ್ತಿನ ಹಿಂದೆ ಬಿಸಿಲಿಗೆ ಕೆಂಪಾದ ಗೆರೆ, ಆ ಗೆರೆಯೆಂದರೆ ಅವಳಿಗೆ ಇಷ್ಟ, ಇನ್ನು ಮೂರು ವಾರಕ್ಕೆ ಅದು ಅವಳ ಗಂಡನ ಕತ್ತು, ಅರವತ್ಮೂರಕ್ಕೆ ಮದುವೆಯಾಗುತ್ತಿದ್ದೀಯಾ ಎಂದು ಅಕ್ಕ ನಕ್ಕಳು, ನಗಲಿ. ಮೊನ್ನೆ ಬಟಾಣಿ ಬಿಡಿಸುತ್ತ ಮರ್ಲ್ ಹೇಳಿದ್ದು, ಮೂವತ್ತೊಂದು ವರ್ಷ ಆಯ್ತು ನಾನೂ ಹಾಯ್ಟೂ ಒಟ್ಟಿಗೆ ಮೀನು ಹಿಡಿಯೋಕೆ ಶುರುಮಾಡಿ, ನಿಮ್ಮಿಬ್ಬರಿಗೆ ಆಗ್ದೇ ಇದ್ರೆ — ಅಷ್ಟೇ, ಮುಂದೆ ಬಟಾಣಿ ಬಿಡಿಸಿದ, ಹುಳವಿದ್ದದ್ದನ್ನೂ ಬಟ್ಟಲಿಗೆ ಹಾಕಿದ, ಅದರಲ್ಲೇ ಅವಳಿಗೆ ಗೊತ್ತಾಯಿತು, ಇವನು ಯಾರನ್ನೂ ಬಿಡಲಾರ, ಬಿಟ್ಟರೆ ಅರ್ಧ ಮನುಷ್ಯ ಉಳಿಯುತ್ತಾನೆ, ಹಾಯ್ಟ್ ಒಲಿಯದಿದ್ದರೆ ಇವನ ಪ್ರತಿ ಶನಿವಾರವೂ ಒಂದು ಕಡೆ ಸುಳ್ಳು, ಒಂದು ಕಡೆ ಮುನಿಸು, ಅದಕ್ಕೇ ಇವತ್ತು ಬಂದದ್ದು, ಒಳ್ಳೆಯವಳಾಗಿ ಇರುತ್ತೇನೆಂದು ಬಂದದ್ದು, ಸೋಪು ಬರುವ ತನಕ ಇದ್ದಳು ಕೂಡ. ಯೋಜನೆ ಸಣ್ಣದು, ಒಂದೂ ಮೀನು ಬೀಳುವುದಿಲ್ಲ, ಹಾಯ್ಟ್ ಒಂದು ಗಂಟೆ ಒದ್ದಾಡುತ್ತಾನೆ, ಅವಳ ಕ್ರೀಮನ್ನು ಬಯ್ಯುತ್ತಾನೆ, ಆಗ ಚೀಲದಿಂದ ಅಸಲು ಜೋಳ ತೆಗೆದು ಕೊಟ್ಟು ಮೂವರೂ ನಗುವುದು — ಆದರೆ ಮೀನುಗಳಿಗೆ ಯೋಜನೆ ಹೇಳಿದವರು ಯಾರು, ಮೊದಲ ತಿರುವಿನಲ್ಲೇ ಒಂದು, ಎರಡನೆಯದರಲ್ಲಿ ಜೋಡಿ, ಅರವತ್ತು ಅಡಿ ಆಳದಲ್ಲಿ ಬೀಟ್‌ರೂಟಿಗೆ ಕಾದು ಕೂತವರ ಹಾಗೆ ಬಂದು ಬಂದು ಬಾಯಿ ಹಾಕುತ್ತಿವೆ, ಪಕ್ಕದ ದೋಣಿಯವರು ಇತ್ತ ನೋಡಿ ನೋಡಿ ಸಾಕಾಗಿ ದೂರ ಹೋದರು, ಹಾಯ್ಟ್ ಹಿಗ್ಗಿ ಹಿಗ್ಗಿ ತೊಟ್ಟ ಅಂಗಿ ಬಿಗಿಯಾಗಿದೆ, ನೀಲಿ ನೀರು, ಆಚೆ ಬೆಟ್ಟದ ತಲೆಯಲ್ಲಿ ಜೂನ್ ಬಂದರೂ ಇಳಿಯದ ಹಿಮ, ಕೆನ್ನೆಗೆ ತಣ್ಣನೆ ಗಾಳಿ, ಎಷ್ಟು ಚೆನ್ನಾಗಿದೆ, ಎಷ್ಟು ಭಯವಾಗುತ್ತಿದೆ. ಹೇಳದೆ ಇದ್ದುಬಿಟ್ಟರೆ, ಹೌದು, ಹೇಳದೆ ಇದ್ದುಬಿಡುವುದು, ನೀರಿಗೆ ಬಿದ್ದ ಗುಟ್ಟು ನೀರಿನಲ್ಲೇ ಇರಲಿ —

ಮೇಡಂ, ಎಂದ ಹಾಯ್ಟ್. ಹದಿಮೂರನೆಯ ಮೀನನ್ನು ಐಸಿಗೆ ಹಾಕಲು ಅವಳನ್ನು ಎಬ್ಬಿಸಿದವನು ಹಾಗೇ ನಿಂತಿದ್ದಾನೆ, ಕೈ ಒರೆಸಿಕೊಳ್ಳುತ್ತಾನೆ, ಪ್ಯಾಂಟಿಗೆ ಒಮ್ಮೆ, ಅಂಗಿಗೆ ಒಮ್ಮೆ, ಎದೆಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ, ಅದರೊಳಗೆ ಹಳದಿ ಹಿಡಿದ ಅಡುಗೆ ಕಾರ್ಡು, ಮೂಲೆಯಲ್ಲಿ ಬಾತುಕೋಳಿಯ ಚಿತ್ರ. ಇದು ನಿಮಗೆ, ಎನ್ನುತ್ತಿದ್ದಾನೆ, ಮದುವೇಲಿ ಕೊಡೋಣ ಅಂತಿದ್ದೆ, ಆದ್ರೆ ಮದುವೇಲಿ ನಾನು ಕುಡ್ದಿರ್ತೀನಿ, ಕೊಟ್ಟಿದ್ದು ನೆನಪಿರಲ್ಲ. ಜೋಳದ್ದು. ನಾನು ಹೇಳ್ದೆ, ಆರ್ಲೀನ್ ಬರ್ಕೊಂಡ್ಳು. ಮರ್ಲ್ ಕೂಡ ನೋಡಿಲ್ಲ ಇದನ್ನ. ನೀವು ಈ ದೋಣಿಯವರಾಗ್ತಿದೀರಿ, ನಿಮ್ಮತ್ರ ಇರ್ಲಿ. ಆರ್ಲೀನ್, ಅವನ ಹೆಂಡತಿ, ತೀರಿಕೊಂಡು ಮೂರು ವರ್ಷ, ವರ್ನಾ ಅವಳನ್ನು ಕಂಡಿಲ್ಲ, ಈಗ ಕಾಣುತ್ತಿದ್ದಾಳೆ, ದುಂಡನೆಯ ನೀಲಿ ಅಕ್ಷರ, ಬೆಳ್ಳುಳ್ಳಿ ಎಣ್ಣೆ ಎರಡು ಚಮಚ, ಸೋಂಪು ಒಂದು, ಇನ್ನೊಂದು ಸಾಲಿನ ಮೇಲೆ ಎಣ್ಣೆಯ ಕಲೆ. ಅಯ್ಯೋ. ಯಾವುದಕ್ಕಾಗಿ ಬಂದಿದ್ದಳೋ ಅದು ಕೈಯಲ್ಲಿದೆ, ಕೇಳದೆ ಸಿಕ್ಕಿದೆ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮುಚ್ಚಿಕೋ ವರ್ನಾ, ಥ್ಯಾಂಕ್ಸ್ ಹೇಳು, ಕೂತುಕೋ — ಆಮೇಲೆ, ಆಮೇಲೆ ಪ್ರತಿ ಬೇಸಿಗೆ ಇದನ್ನು ಓದಿ ಓದಿ ಬೆರೆಸಬೇಕು, ಅವನು ನೋಡು ಜೋಳ ಅಂದ್ರೆ ಇದು ಎಂದಾಗಲೆಲ್ಲ ಈ ಹೆಂಗಸಿನ ಅಕ್ಷರದ ಮುಂದೆ ತಲೆಯಾಡಿಸಬೇಕು, ಅವನು ಎದೆಯ ಜೇಬಿಂದ ತೆಗೆದುಕೊಟ್ಟದ್ದು ಇದು, ತಾನು ಕೊಟ್ಟದ್ದು ಬೀಟ್‌ರೂಟ್ ನೀರು, ಇಲ್ಲ, ಆಗುವುದಿಲ್ಲ, ಹೇಳಿದರೆ ಹರಿಯುತ್ತದೆ, ಹರಿಯಲಿ, ಮೆಲ್ಲಗೆ ಹೇಳು, ಮೆಲ್ಲಗೆ ಹೇಳುವುದು ಹೇಗೆ, ಎಲ್ಲರ ದನಿಯೂ ಬರುತ್ತದೆ ಅವಳಿಗೆ, ಹೆಡ್‌ಮಾಸ್ಟರರದು, ಪಾದ್ರಿಯದು, ಹಾಯ್ಟ್‌ನದು, ತನ್ನದೇ ಬರುತ್ತಿಲ್ಲ.

ಹಾಯ್ಟ್, ಎಂದಳು, ಬಂತು. ಆ ಜಾಡೀಲಿರೋದು ನಿಮ್ಮ ಜೋಳ ಅಲ್ಲ. ಅಂಗಡಿ ಡಬ್ಬೀದು. ಬೀಟ್‌ರೂಟ್ ನೀರಲ್ಲಿ ಅದ್ದಿ ನಾನೇ ತುಂಬಿದೆ, ನೀವು ಟ್ರೇಲರ್ ನಿಲ್ಸೋಕೆ ಹೋದಾಗ. ಹದಿಮೂರೂ ಅದಕ್ಕೇ ಬಿದ್ದಿದ್ದು. ನಿಮ್ಮದು ಇಲ್ಲಿದೆ. ಚೀಲ ಬಿಚ್ಚಿ ತೋರಿಸಿದಳು, ನಾತ ಎದ್ದು ಮರ್ಲ್‌ನ ಕಣ್ಣಲ್ಲಿ ನೀರು, ಅಥವಾ ಅದು ನಾತದ್ದಲ್ಲವೋ, ಅವನು ಚುಕ್ಕಾಣಿ ಹಿಡಿದ ಕೈ ಬಿಟ್ಟಿದ್ದಾನೆ, ಮದುವೆ ಮುರಿದ ಮುಖ ಮಾಡಿಕೊಂಡಿದ್ದಾನೆ, ಹಾಯ್ಟ್ ಜಾಡಿ ಎತ್ತಿದ, ಒಂದು ಕಾಳು ತೆಗೆದ, ಬಿಸಿಲಿಗೆ ಹಿಡಿದ, ಬಾಯಿಗೆ ಹಾಕಿಕೊಂಡ, ಅಗಿಯುತ್ತಾನೆ, ಅಗಿಯುತ್ತಲೇ ಇದ್ದಾನೆ, ಒಂದು ಕಾಳನ್ನು ಇಷ್ಟು ಹೊತ್ತು ಯಾರಾದರೂ ಅಗಿಯುತ್ತಾರೆಯೇ, ನುಂಗಿದ. ಇಪ್ಪತ್ತೆರಡು ವರ್ಷ, ಎಂದ. ಯಾರಿಗೋ. ಇಪ್ಪತ್ತೆರಡು ವರ್ಷ ಹೇಳಿದ್ಲು ಆರ್ಲೀನ್, ಹಾಯ್ಟ್, ಬರೀ ಜೋಳ ಹಾಕಿ ನೋಡು, ಮೀನಿಗೆ ಅದೆಲ್ಲ ಗೊತ್ತಾಗಲ್ಲ ಅಂತ. ನಾನು ಹಾಕ್ಲಿಲ್ಲ. ಅಡುಗೆಮನೇಲಿ ನಾತ ಅಂದಿದ್ದಕ್ಕೆ ಗ್ಯಾರೇಜಿಗೆ ಇನ್ನೊಂದು ಫ್ರಿಜ್ಜು ತಂದೆ, ಜೋಳಕ್ಕೆ ಅಂತ, ಮರ್ಲ್, ಅವಳು ಒಂದು ಚಳಿಗಾಲ ಪೂರ್ತಿ ನನ್ನನ್ನೂ ಅಲ್ಲೇ ಮಲಗ್ಸಿದ್ಲು.

ಆಮೇಲೆ ಎಂಜಿನ್ನಿಗೆ ಏನೋ ಆಯಿತು, ಗರ್ರ್ ಎಂದು ಕೆಮ್ಮಿತು, ಮರ್ಲ್ ಹೌಹಾರಿ ಹಿಂದೆ ತಿರುಗಿ ಬಗ್ಗಿ ನೋಡಿದ, ಎಂಜಿನ್ ಸರಿಯಾಗಿದೆ, ಸದ್ದು ಹಾಯ್ಟ್‌ನಿಂದ ಬರುತ್ತಿದೆ, ಅದು ನಗು, ಮೂರು ವರ್ಷ ಶೆಡ್ಡಿನಲ್ಲಿ ನಿಂತ ಯಂತ್ರದ ಹಾಗೆ ಮೊದಲು ಹೊಗೆ, ಆಮೇಲೆ ಸದ್ದು, ಅವಳು ಗೆದ್ಳು, ಎನ್ನುತ್ತಾನೆ, ಸತ್ತೂ ಗೆದ್ಳು, ಇವಳ ಕೈಯಿಂದ ಗೆದ್ಳು, ಕಳ್ಳಿ, ನೀನು ಅವಳ ಕಡೆಯವಳು ಅಂತ ನಂಗೆ ಗೊತ್ತಾಗ್ಲೇ ಇಲ್ವಲ್ಲ, ಎಂದು ವರ್ನಾಳ ಭುಜ ಹಿಡಿದುಕೊಂಡು ಅಲ್ಲೇ ಕುಸಿದು ಕೂತ, ಮರ್ಲ್ ನಗುತ್ತಿದ್ದಾನೆ, ವರ್ನಾ ನಗುತ್ತಿದ್ದಾಳೆ, ಆದರೆ ಹಾಯ್ಟ್‌ನ ನಗುವಿನೆದುರು ಇಬ್ಬರ ನಗುವೂ ಕೇಳುತ್ತಿಲ್ಲ, ದೂರದ ದೋಣಿಯವರು ಎದ್ದು ನಿಂತು ನೋಡುತ್ತಿದ್ದಾರೆ, ಅವಳ ಕಣ್ಣಿಗೆ ಕಾಣುವುದು ಬರೀ ಹಾಯ್ಟ್‌ನ ಬಾಯಿ, ಹಲ್ಲಿನ ಸಂದಿಯಲ್ಲಿ ಗುಲಾಬಿ ಸಿಪ್ಪೆ ಅಂಟಿದ ಬಾಯಿ, ಆಕಾಶಕ್ಕೆ ತೆರೆದ ಬಾಯಿ, ಗುಲಾಬಿ ಸಿಪ್ಪೆ, ಆ ಬಾಯಿ.